ಯಾರನ್ನು ಕೇಳಬೇಕೆಂದು ಈಗಲೇ ಗೊತ್ತು ಮಾಡಿಕೊಳ್ಳಿ

ಯುವಜನ ಸಂಘದ ಮಕ್ಕಳೇ, ಸಭೆಯ ಹೊಸ ಕಮಿಟಿಗೆ ನಿಮ್ಮಲ್ಲಿ ನಾಲ್ಕಾರು ಮಂದಿ ಬಂದಿದ್ದೀರಿ ಅಂತ ಕೇಳಿ ಸಂತೋಷವಾಯಿತು. ಲೆಕ್ಕದ ಪುಸ್ತಕ, ಕ್ರಿಸ್‌ಮಸ್ ಚಪ್ಪರ, ಮೈಕ್ ಸೆಟ್ಟು ಎಲ್ಲವನ್ನೂ ನಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತೀರಿ. ನಾನು ಹೇಳಬೇಕೆಂದಿರುವ ವಿಷಯ ಬೇರೆ. ಕೊರೋನಾದಂಥ ಕಾಯಿಲೆ ಮತ್ತೆ ಬಂದರೆ ಸಭೆ ಯಾರ ಮಾತು ಕೇಳಬೇಕು? ಇದು ಕಾಯಿಲೆ ಬರುವ ಮುಂಚೆಯೇ ತೀರ್ಮಾನವಾಗಿರಬೇಕು. ಬಂದ ಮೇಲೆ ಎಲ್ಲರೂ ಹೆದರಿರುತ್ತೇವೆ. ಹೆದರಿದವರಿಗೆ ಯಾರು ಗಟ್ಟಿಯಾಗಿ ಹೇಳುತ್ತಾರೋ ಅವರ ಮಾತೇ ಸರಿ ಅನ್ನಿಸುತ್ತದೆ.

2020ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಮೊದಮೊದಲು ಸೋಂಕು ಕಾಣಿಸಿಕೊಂಡ ಊರುಗಳಲ್ಲಿ ನಮ್ಮ ಗೌರಿಬಿದನೂರೂ ಒಂದು. ಅದೇ ತಾಲ್ಲೂಕಿನ ನಮ್ಮ ನಗರಗೆರೆಗೆ ಆಂಧ್ರದ ಗಡಿ ಎಷ್ಟು ದೂರ, ನಿಮಗೇ ಗೊತ್ತು. ವ್ಯಾಪಾರಕ್ಕೆ, ನೆಂಟಸ್ತನಕ್ಕೆ ಹಿಂದೂಪುರಕ್ಕೆ ಹೋಗಿ ಬರುವ ಜನ ನಾವು. ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಹೀಗಾಗಿ ಮೊಬೈಲಿಗೆ ಬರುವ ಸುದ್ದಿಯೂ ನಮಗೆ ಎರಡು ಪಾಲು. ಆಗ ಬಂದದ್ದೇನು? ಕೀರ್ತನೆ 91ನ್ನು ಬಾಗಿಲಿಗೆ ಅಂಟಿಸಿದರೆ ಮನೆಗೆ ಕಾಯಿಲೆ ಹೊಗುವುದಿಲ್ಲ ಅಂತ ಒಂದು. ಲಸಿಕೆಯಲ್ಲಿ ಚಿಪ್ ಇದೆ, ಅದು ಪ್ರಕಟನೆಯಲ್ಲಿ ಹೇಳಿರುವ ಮೃಗದ ಮುದ್ರೆ, 666, ಅಂತ ಇನ್ನೊಂದು. 2021ರ ಮೇ ತಿಂಗಳಲ್ಲಿ ನೆಲ್ಲೂರು ಜಿಲ್ಲೆಯ ಕೃಷ್ಣಪಟ್ಟಣದ ಆನಂದಯ್ಯನವರ ಮದ್ದಿನ ಸುದ್ದಿ. ಅದಕ್ಕಾಗಿ ಜನ ಸಾವಿರಗಟ್ಟಲೆ ಮುಗಿಬಿದ್ದರು. ಆ ಮದ್ದಿನ ಹನಿಯನ್ನು ಕಣ್ಣಿಗೆ ಹಾಕಿಸಿಕೊಂಡು ಚೇತರಿಸಿಕೊಂಡೆ ಅಂತ ವಿಡಿಯೊದಲ್ಲಿ ಹೇಳಿದ್ದ ನಿವೃತ್ತ ಮೇಷ್ಟ್ರೊಬ್ಬರು ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಂಧ್ರ ಸರ್ಕಾರ ಆ ತಿಂಗಳ ಕೊನೆಗೆ ಆನಂದಯ್ಯನವರ ಬೇರೆ ಮದ್ದುಗಳಿಗೆ ಅನುಮತಿ ಕೊಟ್ಟರೂ ಕಣ್ಣಿನ ಹನಿಗೆ ಕೊಡಲಿಲ್ಲ. ವಿಡಿಯೊ ನಮ್ಮೂರಿನವರೆಗೂ ಬಂತು, ಸಾವಿನ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಕೀರ್ತನೆ 91ರ ವಿಷಯ ಸ್ವಲ್ಪ ನಿಂತು ಹೇಳುತ್ತೇನೆ, ಇದು ನಮ್ಮ ಮನೆಯ ವಿಷಯ. ಅದನ್ನು ಓದಿ ಧೈರ್ಯ ತಂದುಕೊಳ್ಳುವುದರಲ್ಲಿ ತಪ್ಪಿಲ್ಲ, ನಾನೂ ಓದುತ್ತಿದ್ದೆ. ಆದರೆ ಮತ್ತಾಯ 4ನೇ ಅಧ್ಯಾಯ ತೆಗೆದು ನೋಡಿ. ದೇವಾಲಯದ ತುದಿಯ ಮೇಲೆ ಯೇಸುವನ್ನು ನಿಲ್ಲಿಸಿ, ಇಲ್ಲಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಅಂತ ಸೈತಾನ ಎತ್ತಿ ಹೇಳುವುದು ಇದೇ 91ನೇ ಕೀರ್ತನೆಯ ಮಾತನ್ನು. ಯೇಸು ಧುಮುಕಲಿಲ್ಲ, ದೇವರನ್ನು ಪರೀಕ್ಷಿಸಬಾರದು ಎಂದು ಉತ್ತರ ಕೊಟ್ಟ. ಮಾಸ್ಕ್ ಬೇಡ, ನಮಗೆ ಕೀರ್ತನೆಯಿದೆ ಅಂತ ಯಾರಾದರೂ ಬೋಧಿಸಿದರೆ ಅವರಿಗೆ ಈ ಅಧ್ಯಾಯವನ್ನು ಮರ್ಯಾದೆಯಿಂದ ತೋರಿಸಿ. ವಚನ ಬಾಯಲ್ಲಿದೆ ಅಂದ ಮಾತ್ರಕ್ಕೆ ಹೇಳಿದ ಸಲಹೆ ಸರಿಯಾಗುವುದಿಲ್ಲ.

ಹಾಗಾದರೆ ಯಾರನ್ನು ಕೇಳಬೇಕು? ಪ್ರಶ್ನೆ ಯಾವುದು ಅಂತ ಮೊದಲು ನೋಡಿ. ಆರಾಧನೆ ಹೇಗೆ ನಡೆಯಬೇಕು, ಕರ್ತನ ಭೋಜನ ಒಂದೇ ಪಾತ್ರೆಯಲ್ಲಿ ಕೊಡಬೇಕೆ ಬೇಡವೆ, ಸಭೆಗೆ ಬರಲಾಗದ ಮುದುಕರ ಗತಿಯೇನು ಎಂಬುದನ್ನು ಪಾಸ್ಟರನ್ನೂ ಬಿಷಪರ ಸುತ್ತೋಲೆಯನ್ನೂ ಕೇಳಿ. ರೋಗ ಹೇಗೆ ಹರಡುತ್ತದೆ, ಯಾವ ಔಷಧಿ, ಯಾವ ಲಸಿಕೆ ಎಂಬುದನ್ನು ಡಾಕ್ಟರನ್ನೇ ಕೇಳಬೇಕು. ಎಷ್ಟು ಜನ ಸೇರಬಹುದು ಎಂಬುದನ್ನು ತಾಲ್ಲೂಕು ಆಡಳಿತ ಹೇಳಬೇಕು. ಈ ಮೂರನ್ನೂ ಒಬ್ಬರೇ ಹೇಳಲು ಹೊರಟರೆ, ಅವರು ಎಷ್ಟು ದೊಡ್ಡವರಾದರೂ ಸರಿ, ಅಲ್ಲಿ ಎಚ್ಚರವಾಗಿರಿ. ಪೌಲನಂಥ ಪೌಲನ ಜೊತೆಯಲ್ಲೇ ಲೂಕನೆಂಬ ವೈದ್ಯನಿದ್ದ.

ಎರಡನೆಯದಾಗಿ, ಕಾರಣ ಕೇಳಿ. ಕೇಂದ್ರ ಆರೋಗ್ಯ ಇಲಾಖೆ 2020ರ ಜೂನ್ 4ರಂದು ಪೂಜಾಸ್ಥಳಗಳಿಗೆ ನಿಯಮ ಹೊರಡಿಸಿತು. ಅದರಲ್ಲಿ ಗಾಯನ ಮೇಳ ಬೇಡ, ರೆಕಾರ್ಡ್ ಹಾಕಿಕೊಳ್ಳಿ ಅಂತ ಇತ್ತು. ನಮ್ಮ ಹಿರಿಯರೊಬ್ಬರು ಸಿಟ್ಟಾದರು: ‘ಬಸ್ಸಲ್ಲಿ ಒತ್ತಿಕೊಂಡು ಹೋಗಬಹುದಂತೆ, ದೇವರಿಗೆ ಒಂದು ಹಾಡು ಹೇಳಬಾರದಂತೆ!’ ಅವರ ಸಿಟ್ಟಿನಲ್ಲಿ ನ್ಯಾಯವಿಲ್ಲ ಅಂತ ನಾನು ಹೇಳಲಾರೆ. ಆದರೆ ನಿಯಮಕ್ಕೆ ಕಾರಣ ಇತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೌಂಟ್ ವರ್ನನ್‌ನಲ್ಲಿ 2020ರ ಮಾರ್ಚ್ 10ರಂದು ಒಂದು ಚರ್ಚ್ ಹಾಲಿನಲ್ಲಿ 61 ಜನ ಹಾಡಿನ ತಾಲೀಮಿಗೆ ಸೇರಿದ್ದರು. ಅವರಲ್ಲಿ ಒಬ್ಬರಿಗೆ ಕಾಯಿಲೆಯಿತ್ತು. ಕೊನೆಗೆ 53 ಜನರಿಗೆ ತಗುಲಿತು, ಇಬ್ಬರು ತೀರಿಕೊಂಡರು. ಮುಚ್ಚಿದ ಕೋಣೆಯಲ್ಲಿ ಬಾಯ್ತುಂಬ ಹಾಡುವಾಗ ಉಸಿರಿನ ಜೊತೆ ವೈರಸ್ಸೂ ಹೊರಗೆ ಬರುತ್ತದೆ ಅಂತ ಆ ಘಟನೆಯ ತನಿಖೆಯಿಂದ ಜನಕ್ಕೆ ಮನವರಿಕೆಯಾಯಿತು. ಇದನ್ನು ಬಿಡಿಸಿ ಹೇಳಿದ ಮೇಲೆ ನಮ್ಮ ಹಿರಿಯರು ಸುಮ್ಮನಾದರು.

ಮಾತು ಬದಲಾಯಿಸುವವರನ್ನು ನಂಬುವುದು ಹೇಗೆ ಅಂತ ನೀವು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯೇ ಮೊದಲು ಜನಸಾಮಾನ್ಯರಿಗೆಲ್ಲ ಮಾಸ್ಕ್ ಬೇಕಿಲ್ಲ ಅಂದಿತ್ತು, 2020ರ ಜೂನ್ 5ಕ್ಕೆ ಗುಂಪಿರುವ ಕಡೆ ಬಟ್ಟೆಯ ಮಾಸ್ಕ್ ಹಾಕಿಕೊಳ್ಳಿ ಅಂದಿತು. ದಿನಕ್ಕೊಂದು ಮಾತು ಅಂತ ಆಗ ಆಡಿಕೊಂಡವರು ಬಹಳ. ನನ್ನ ಲೆಕ್ಕ ಬೇರೆ. ತಾರೀಕು ಹಾಕಿ, ಹೆಸರು ಹಾಕಿ, ಕಾರಣ ಕೊಟ್ಟು ಬದಲಾಯಿಸಿದ ಮಾತು ನಂಬಿಕೆಗೆ ಅರ್ಹ. ವಾಟ್ಸ್‌ಆ್ಯಪ್ ಸಂದೇಶಕ್ಕೆ ತಾರೀಕೂ ಇಲ್ಲ, ಸಹಿಯೂ ಇಲ್ಲ, ಸುಳ್ಳಾದರೆ ಹಿಂದಕ್ಕೆ ಪಡೆಯುವವರೂ ಇಲ್ಲ.

ನಮ್ಮವರು ಎಂಬ ಒಂದೇ ಕಾರಣಕ್ಕೂ ನಂಬಬೇಡಿ. ಇದು ಹೇಳಲು ಕಷ್ಟ, ಆದರೂ ಹೇಳಬೇಕು. 2021ರ ಏಪ್ರಿಲ್‌ನಲ್ಲಿ, ಎರಡನೇ ಅಲೆ ಏರುತ್ತಿದ್ದಾಗ, ಸಿ.ಎಸ್.ಐ. ದಕ್ಷಿಣ ಕೇರಳ ಧರ್ಮಪ್ರಾಂತದ ಪಾದ್ರಿಗಳು ಮುನ್ನಾರ್‌ನಲ್ಲಿ ನೂರಾರು ಸಂಖ್ಯೆಯಲ್ಲಿ ವಾರ್ಷಿಕ ಧ್ಯಾನಕೂಟಕ್ಕೆ ಸೇರಿದರು. ಹಲವರಿಗೆ ಸೋಂಕು ತಗುಲಿತು, ಕೆಲವರು ಪ್ರಾಣ ಕಳೆದುಕೊಂಡರು, ಪೊಲೀಸರು ಮೊಕದ್ದಮೆ ಹಾಕಿದರು. ಅದೇ ವರ್ಷ ನಮ್ಮವರೇ ಆದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಮಾಡಿದ್ದು ನೋಡಿ. ತಮ್ಮದೇ ಸಿಬ್ಬಂದಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಲಸಿಕೆ ಹಾಕಿಸಿಕೊಂಡವರೆಷ್ಟು, ಕಾಯಿಲೆ ಬಿದ್ದವರೆಷ್ಟು ಅಂತ ಎಣಿಸಿದರು. ಎರಡು ಡೋಸ್ ಆದವರು ಆಸ್ಪತ್ರೆ ಸೇರುವುದು ಶೇ. 77ರಷ್ಟು ತಗ್ಗಿತ್ತು ಅಂತ ಲೆಕ್ಕ ಸಮೇತ ಪ್ರಕಟಿಸಿದರು. ನಮ್ಮ ಕಡೆಯಿಂದ ದೊಡ್ಡ ಕಾಯಿಲೆಗೆ ವೆಲ್ಲೂರಿಗೆ ಹೋಗುವವರು ಎಷ್ಟಿಲ್ಲ! ಅಲ್ಲಿಯ ಡಾಕ್ಟರ ಕೈಗೆ ದೇಹ ಕೊಡುವವರು ಲಸಿಕೆಯ ವಿಷಯದಲ್ಲಿ ಮಾತ್ರ ಯಾವನೋ ಯೂಟ್ಯೂಬ್ ಪ್ರವಾದಿಯ ಮಾತು ಕೇಳುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕಥೋಲಿಕರಲ್ಲೂ ಲಸಿಕೆಯ ತಯಾರಿಕೆ ಬಗ್ಗೆ ಅನುಮಾನವಿತ್ತು. ವ್ಯಾಟಿಕನ್ 2020ರ ಡಿಸೆಂಬರ್ 21ರಂದು, ಹಾಕಿಸಿಕೊಳ್ಳಬಹುದು ಅಂತ ಕಾರಣ ವಿವರಿಸಿ ಲಿಖಿತವಾಗಿ ತಿಳಿಸಿತು.

ಇದೆಲ್ಲ ಹೊಸಕಾಲದ ಬುದ್ಧಿ ಅಂತ ಯಾರಾದರೂ ಅಂದರೆ ಮಾರ್ಟಿನ್ ಲೂಥರನ ಹೆಸರು ಹೇಳಿ. 1527ರಲ್ಲಿ ವಿಟೆನ್‌ಬರ್ಗ್‌ಗೆ ಪ್ಲೇಗ್ ಬಂದಾಗ ಆತ ಊರು ಬಿಡಲಿಲ್ಲ, ರೋಗಿಗಳನ್ನು ನೋಡಿಕೊಂಡ. ಆದರೆ ಔಷಧಿ ತೆಗೆದುಕೊಳ್ಳಿ, ಮನೆಗೆ ಹೊಗೆ ಹಾಕಿ, ನಿಮ್ಮ ಅಗತ್ಯವಿಲ್ಲದ ಕಡೆ ಹೋಗಬೇಡಿ ಅಂತಲೂ ಬರೆದ. ಅಪೊಸ್ತಲರ ಕೃತ್ಯಗಳು 17ರಲ್ಲಿ ಬೆರೋಯದವರಿದ್ದಾರೆ. ಪೌಲ ಹೇಳಿದ್ದನ್ನೂ ಅವರು ನಿಜವೋ ಅಲ್ಲವೋ ಅಂತ ದಿನವೂ ಶಾಸ್ತ್ರ ತೆಗೆದು ನೋಡುತ್ತಿದ್ದರು, ಅದಕ್ಕಾಗಿ ಅವರಿಗೆ ಹೊಗಳಿಕೆ ಸಿಕ್ಕಿದೆ. ನೀವು ಪ್ರಶ್ನೆ ಕೇಳಿದರೆ ವಿಶ್ವಾಸ ಕಡಿಮೆ ಅಂತ ಯಾರೂ ಗದರಿಸದಿರಲಿ.

ಈಗ ಮಾಡಬೇಕಾದ ಕೆಲಸ. ಸಭೆಯಲ್ಲಿ ನರ್ಸ್ ಕೆಲಸದವರೋ ಆಶಾ ಕಾರ್ಯಕರ್ತೆಯೋ ಇದ್ದರೆ ಅವರನ್ನು ಕಮಿಟಿಗೆ ಕರೆಯಿರಿ. ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರ ನಂಬರು, ಆರೋಗ್ಯ ಸಹಾಯವಾಣಿ 104, ಸುತ್ತೋಲೆ ಬರುವ ಬಿಷಪರ ಕಚೇರಿಯ ನಂಬರು, ಇವಿಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಬರೆದು ನೋಟೀಸ್ ಬೋರ್ಡಿಗೆ ಹಚ್ಚಿ. ಗುಂಪಿಗೆ ಆರೋಗ್ಯದ ಸಂದೇಶ ಬಂದರೆ ಇಬ್ಬರು ನೋಡಿ ಒಪ್ಪಿದ ಮೇಲೆಯೇ ಅದು ಮುಂದೆ ಹೋಗಲಿ. ಆ ಇಬ್ಬರು ಯಾರು ಎಂಬುದನ್ನು ಈ ಭಾನುವಾರ ಆರಾಧನೆ ಮುಗಿದ ಮೇಲೆ ಹತ್ತು ನಿಮಿಷ ಕೂತು ತೀರ್ಮಾನಿಸಿಬಿಡಿ.