ಪಿಕಪ್ ವೇಗ ಇಳಿಸಿ, ಡೀಸೆಲ್ ಉಳಿಸಿ

ದಾಳಿಂಬೆ, ಲಿಂಬೆಗೆ ಹಾಕಿದ ಗೊಬ್ಬರದ ಖರ್ಚು ಪೈಸೆ ಬಿಡದೆ ಬರೆದಿಡ್ತೀವಿ. ಮಾರುಕಟ್ಟೆಗೆ ಒಯ್ಯುವಾಗ ಸುಟ್ಟ ಡೀಸೆಲ್ ಮಾತ್ರ ಲೆಕ್ಕಕ್ಕೇ ಬರೋದಿಲ್ಲ. ಬಾಗಲಕೋಟೆಯ ವಿದ್ಯಾಗಿರಿ ದಾಟಿ ರಸ್ತೆ ಖಾಲಿ ಸಿಕ್ಕರೆ ಸಾಕು, ವೇಗ 80 ಮುಟ್ಟುತ್ತೆ.

ಗಾಳಿಯ ತಡೆ: ಇದು ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 55 ಕಿ.ಮೀ.ಗೆ ಹೋಲಿಸಿದರೆ 80ರಲ್ಲಿ ವೇಗ ಒಂದೂವರೆ ಪಟ್ಟೂ ಆಗಲ್ಲ, ಗಾಳಿಯ ತಡೆ ಎರಡು ಪಟ್ಟು ದಾಟುತ್ತೆ. ಕ್ರೇಟ್‌ಗಳು ಕ್ಯಾಬಿನ್‌ಗಿಂತ ಎತ್ತರವಿದ್ದರೆ ಇನ್ನೂ ಜಾಸ್ತಿ.

ತೀರಾ ನಿಧಾನವೂ ಬೇಡ: ಕೆಳಗಿನ ಗೇರ್‌ನಲ್ಲೇ ತೆವಳಿದರೆ ಎಂಜಿನ್ ಸುಮ್ಮನೆ ಹೆಚ್ಚು ಸುತ್ತು ತಿರುಗುತ್ತೆ. ಇಂಧನ ಉಳಿತಾಯಕ್ಕೆ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಸ್ಥೆಯ ಸಲಹೆ ಗಂಟೆಗೆ 45–55 ಕಿ.ಮೀ.

ಸಮಯ: 60 ಕಿ.ಮೀ. ದಾರಿಗೆ 80ರಲ್ಲಿ 45 ನಿಮಿಷ, 55ರಲ್ಲಿ ಸುಮಾರು 65 ನಿಮಿಷ. 20 ನಿಮಿಷ ಮೊದಲೇ ಹೊರಟರಾಯ್ತು. ತಗ್ಗು-ದಿಣ್ಣೆಯಲ್ಲಿ ಹಣ್ಣು ಜಜ್ಜೋದೂ ಕಡಿಮೆ.

ನೀವೇ ನೋಡಿ: ಟ್ಯಾಂಕ್ ತುಂಬಿಸಿ, ಟೈರ್ ಗಾಳಿ ಸರಿಯಿಡಿ, ಒಂದು ವಾರ ಇದೇ ವೇಗದಲ್ಲಿ ಓಡಿಸಿ ಮತ್ತೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಾಕಿಸಿದ ಲೀಟರ್‌ನಿಂದ ಭಾಗಿಸಿ. ಮುಂಚಿನ ಮೈಲೇಜ್ ಜೊತೆ ಹೋಲಿಸಿ, ಬೆಳೆ ಖರ್ಚಿನ ಪುಸ್ತಕದಲ್ಲೇ ಬರೆದಿಡಿ. ದರ ನಮ್ಮ ಕೈಲಿಲ್ಲ, ಆಕ್ಸಿಲರೇಟರ್ ನಮ್ಮ ಕಾಲಡಿಯೇ ಇದೆ.