ತೋಟದ ಮನೆಯ ಈಜುಕೊಳ: ಫೈಬರ್‌ಗ್ಲಾಸೋ, ಕಾಂಕ್ರೀಟೋ?

ಶ್ರೀರಂಗಪಟ್ಟಣ, ಪಾಂಡವಪುರ ಭಾಗದಲ್ಲಿ ಈಜುಕೊಳ ಕಟ್ಟಿಸಲು ಹೊರಟ ವರ್ತಕ ಮಿತ್ರರು ಸಾಮಾನ್ಯವಾಗಿ ಎರಡು ಕೊಟೇಶನ್‌ಗಳನ್ನು ಮುಂದಿಟ್ಟುಕೊಂಡು ಯಾವುದು ಅಗ್ಗವೆಂದು ವಿಚಾರಿಸುತ್ತಾರೆ. ಒಂದು, ಕಾರ್ಖಾನೆಯಲ್ಲಿ ಅಚ್ಚಿನಿಂದ ತೆಗೆದ ಫೈಬರ್‌ಗ್ಲಾಸ್ ತೊಟ್ಟಿ. ಇನ್ನೊಂದು, ಸ್ಥಳದಲ್ಲಿಯೇ ಕಂಬಿ ಕಟ್ಟಿ ಹಾಕುವ ಕಾಂಕ್ರೀಟ್ ಕೊಳ. ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ನಾಲೆ ಹರಿಯುವ ತಿಂಗಳುಗಳಲ್ಲಿ ಆ ಜಮೀನಿನಲ್ಲಿ ಎಷ್ಟು ಅಡಿ ಅಗೆದರೆ ನೀರು ಕಾಣುತ್ತದೆ?

ವಿಶ್ವೇಶ್ವರಯ್ಯ ನಾಲೆ ಹಾಗೂ ಕಾವೇರಿಯ ಹಳೆಯ ನಾಲೆಗಳ ಕೆಳಗಿನ ಗದ್ದೆ ಬಯಲಿನಲ್ಲಿ ಅಂತರ್ಜಲವು ಆಗ ಮೇಲಕ್ಕೇರುತ್ತದೆ. 7 ಮೀಟರ್ ಉದ್ದ, 3.5 ಮೀಟರ್ ಅಗಲ, 1.4 ಮೀಟರ್ ಆಳದ ಕೊಳವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹೊರಗಿನ ನೀರು ಕೊಳದ ತಳಕ್ಕಿಂತ ಒಂದು ಮೀಟರ್ ಮೇಲೆ ನಿಂತರೆ, ಅದು ಕೊಳವನ್ನು ಮೇಲಕ್ಕೆತ್ತುವ ಬಲ ಸುಮಾರು 24.5 ಟನ್. 20 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಕೊಳದ ಸ್ವಂತ ತೂಕ, ಗೋಡೆ ಮತ್ತು ತಳ ಸೇರಿ, ಸುಮಾರು 26 ಟನ್. ಫೈಬರ್‌ಗ್ಲಾಸ್ ತೊಟ್ಟಿಯ ತೂಕ ಇದರ ಸಣ್ಣದೊಂದು ಅಂಶ ಮಾತ್ರ. ಕೊಳ ತುಂಬಿರುವಾಗ ಒಳಗಿನ 34 ಟನ್ ನೀರೇ ಅದನ್ನು ಅದುಮಿ ಹಿಡಿದಿರುತ್ತದೆ. ತೊಳೆಯಲೆಂದು ಬರಿದು ಮಾಡಿದ ದಿನವೇ ಅಪಾಯ. ತೊಟ್ಟಿ ದೋಣಿಯಂತೆ ಮೇಲೇಳುತ್ತದೆ, ಪೈಪುಗಳು ಮುರಿಯುತ್ತವೆ. ಕಾಂಕ್ರೀಟಿನ ಉಳಿಕೆಯೂ ಒಂದೂವರೆ ಟನ್ ಮಾತ್ರವೆಂಬುದನ್ನು ಗಮನಿಸಬೇಕು. ಆದ್ದರಿಂದ ಯಾವುದನ್ನು ಆರಿಸಿದರೂ ಪಕ್ಕದಲ್ಲಿ ತಳದವರೆಗೆ ಇಳಿಯುವ ತೂತಿನ ಪೈಪೊಂದನ್ನು ನಿಲ್ಲಿಸಿ, ಅದರೊಳಗಿನ ನೀರನ್ನು ಮೊದಲು ಪಂಪಿನಿಂದ ತೆಗೆದ ನಂತರವೇ ಕೊಳವನ್ನು ಬರಿದು ಮಾಡತಕ್ಕದ್ದು. ಗದ್ದೆ ಬಯಲಿಗೆ ಕಾಂಕ್ರೀಟೇ ಸೂಕ್ತವೆಂಬುದು ನನ್ನ ಅಭಿಪ್ರಾಯ.

ಶ್ರೀರಂಗಪಟ್ಟಣದವರಿಗೆ ಇನ್ನೊಂದು ಮಾತು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಮುಂಗಡ ಕೊಡುವ ಮೊದಲೇ ಅಳತೆ ಮಾಡಿಸುವುದು ಒಳಿತು.

ನಾಗಮಂಗಲದ ಮಳೆಯಾಶ್ರಿತ ಪ್ರದೇಶದಲ್ಲಿ, ಕೆ.ಆರ್. ಪೇಟೆಯ ನಾಲೆ ಮುಟ್ಟದ ಹಳ್ಳಿಗಳಲ್ಲಿ ಲೆಕ್ಕ ತಿರುಗುತ್ತದೆ. ಅಲ್ಲಿ ನೀರೇ ದುಬಾರಿ. ಇದೇ ಕೊಳ ತುಂಬಲು 6,000 ಲೀಟರಿನ ಟ್ಯಾಂಕರ್ ಆರು ಬಾರಿ ಬರಬೇಕು. ಬೆಸುಗೆಯಿಲ್ಲದ ಫೈಬರ್‌ಗ್ಲಾಸ್ ತೊಟ್ಟಿಯಲ್ಲಿ ಸೋರಿಕೆಯ ಭಯ ಕಡಿಮೆ, ನುಣುಪಾದ ಮೈಗೆ ಪಾಚಿಯೂ ಬೇಗ ಹಿಡಿಯದು. ಆದರೆ ಮೂರೂವರೆ ಮೀಟರ್ ಅಗಲದ ತೊಟ್ಟಿಯನ್ನು ಹೊತ್ತ ಲಾರಿ, ಕ್ರೇನ್ ಊರ ಓಣಿಯಲ್ಲಿ ತಿರುಗಬಲ್ಲವೇ ಎಂಬುದನ್ನು ನೋಡಬೇಕು. ಅಗೆದಾಗ ಬಂಡೆ ಸಿಕ್ಕರೆ ಕಾಂಕ್ರೀಟ್ ಕೊಳದ ಆಳ ಬದಲಿಸಬಹುದು, ತೊಟ್ಟಿಯದನ್ನು ಬದಲಿಸಲಾಗದು.

ಇನ್ನು ತೆರಿಗೆ. ಸ್ವಂತ ಮನೆಯ ಕೊಳವನ್ನು ಅಂಗಡಿಯ ಅಥವಾ ಕಾರ್ಖಾನೆಯ ಖರ್ಚಿನಲ್ಲಿ ತೋರಿಸುವಂತಿಲ್ಲ. ಅದು ವೈಯಕ್ತಿಕ ವೆಚ್ಚ. ಹೋಂ ಸ್ಟೇ ನಡೆಸುವವರಿಗೆ, “ತೊಟ್ಟಿ ಸರಕು, ಕಟ್ಟಡವಲ್ಲ, ಜಿ.ಎಸ್.ಟಿ. ಮರಳಿ ಸಿಗುತ್ತದೆ” ಎಂದು ಮಾರಾಟಗಾರರು ಹೇಳುವುದುಂಟು. ಇದನ್ನು ನಂಬಿ ಬಂಡವಾಳ ಹೂಡಬಾರದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ತೆರಿಗೆ ಶೇ. 5, ಹೂಡುವಳಿ ತೆರಿಗೆಯ ಜಮೆ ಇಲ್ಲ. ಅದಕ್ಕೂ ಮೇಲಿನ ದರದವರಿಗೂ ಸಿವಿಲ್ ಕಾಮಗಾರಿಯ ಜಮೆಗೆ 17(5)ನೇ ಕಲಂ ಅಡ್ಡ ಬರುತ್ತದೆ. 2024ರ ಸಫಾರಿ ರಿಟ್ರೀಟ್ಸ್ ತೀರ್ಪು ತೆರೆದಿದ್ದ ಕಿಂಡಿಯನ್ನು 2025ರ ಹಣಕಾಸು ಕಾಯ್ದೆ ಪೂರ್ವಾನ್ವಯವಾಗಿ ಮುಚ್ಚಿದೆ.

ಸವಕಳಿಯ ವಿಷಯವೂ ಹೀಗೆಯೇ. ಇಂಗ್ಲೆಂಡಿನ ನ್ಯಾಯಾಲಯವು 1974ರ ಬೀಚ್ ಸ್ಟೇಷನ್ ಕ್ಯಾರವಾನ್ಸ್ ಪ್ರಕರಣದಲ್ಲಿ ಈಜುಕೊಳವನ್ನೇ ‘ಪ್ಲಾಂಟ್’ ಎಂದು ಒಪ್ಪಿತ್ತು. ಆದರೆ ನಮ್ಮ ಸುಪ್ರೀಂ ಕೋರ್ಟ್ 2000ದ ಆನಂದ್ ಥಿಯೇಟರ್ಸ್ ತೀರ್ಪಿನಲ್ಲಿ ಹೋಟೆಲ್ ಕಟ್ಟಡವು ಪ್ಲಾಂಟ್ ಅಲ್ಲವೆಂದಿದೆ. ಕೊಳಕ್ಕೆ ಕಟ್ಟಡದ ಶೇ. 10, ಪಂಪು ಮತ್ತು ಫಿಲ್ಟರಿಗೆ ಯಂತ್ರಗಳ ಶೇ. 15 ಎಂದು ಹಿಡಿಯುವುದೇ ಕ್ಷೇಮ. ಅದಕ್ಕಾಗಿ ಗುತ್ತಿಗೆದಾರರಿಂದ ಒಂದೇ ಮೊತ್ತದ ಬಿಲ್ಲನ್ನು ಪಡೆಯದೆ, ಅಗೆತ, ತೊಟ್ಟಿ ಅಥವಾ ಕಾಂಕ್ರೀಟ್, ಪಂಪು, ಫಿಲ್ಟರ್ ಇವುಗಳ ಬೆಲೆಯನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು.