ಸಾರ್ವಜನಿಕರೂ ಕಾನೂನು ಗ್ರಂಥಗಳೂ

ಕಾನೂನು ತಿಳಿದಿರಲಿಲ್ಲವೆಂಬ ನೆಪ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಹಾಗಾದರೆ ಅದನ್ನು ತಿಳಿಯುವ ಸ್ಥಳವೂ ಕ್ರಮವೂ ಪ್ರಜೆಗೆ ಗೊತ್ತಿರಬೇಕಷ್ಟೆ. ತುಮಕೂರು, ಗುಬ್ಬಿ, ಕುಣಿಗಲುಗಳ ನ್ಯಾಯಾಲಯಗಳಿಗೆ ಬರುವ ರೈತರಲ್ಲಿ ಎಷ್ಟು ಮಂದಿ ತಮ್ಮ ವ್ಯಾಜ್ಯಕ್ಕೆ ಆಧಾರವಾದ ಕಲಮನ್ನು ಕಣ್ಣಾರೆ ಕಂಡಿದ್ದಾರೆ? ವಕೀಲರ ಸಂಘದ ಪುಸ್ತಕಗಳು ವಕೀಲರಿಗಾಗಿ ಇರುವಂಥವು. ಎಲ್ಲರಿಗೂ ತೆರೆದ ಬಾಗಿಲೆಂದರೆ ಸಾರ್ವಜನಿಕ ಗ್ರಂಥಾಲಯ. 1965ರ ಗ್ರಂಥಾಲಯ ಅಧಿನಿಯಮದಂತೆ ಮನೆ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ನಾವು ತೆರುತ್ತೇವೆ. ಆದಕಾರಣ ಅಲ್ಲಿ ಕಾನೂನು ಪುಸ್ತಕ ಬೇಕೆಂದು ಕೇಳುವುದು ಭಿಕ್ಷೆಯಲ್ಲ.

ಕಾನೂನು ಸಾಹಿತ್ಯವನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು: ಶಾಸನಸಭೆ ಮಾಡಿದ ಅಧಿನಿಯಮಗಳು, ನ್ಯಾಯಾಲಯಗಳ ತೀರ್ಪಿನ ವರದಿಗಳು, ಇವೆರಡನ್ನೂ ವಿವರಿಸುವ ವ್ಯಾಖ್ಯಾನಗಳು. ವರದಿಗಳ ಸಂಕೇತ ಕಂಡು ಹೊಸಬರು ಹೆದರಬೇಕಾಗಿಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಪ್ರಸಿದ್ಧ ಮೊಕದ್ದಮೆಗೆ ‘ಎ.ಐ.ಆರ್. 1973 ಸು.ಕೋ. 1461’ ಎಂದು ಬರೆಯುತ್ತಾರೆ. ಆಲ್ ಇಂಡಿಯಾ ರಿಪೋರ್ಟರ್ ಎಂಬ ವರದಿಯ 1973ರ ಸಂಪುಟ, ಸುಪ್ರೀಂ ಕೋರ್ಟಿನ ಭಾಗ, 1461ನೆಯ ಪುಟ ಎಂದಷ್ಟೇ ಇದರ ಅರ್ಥ.

ಆದರೆ ಪುಸ್ತಕ ಸಿಕ್ಕಿದರೆ ಸಾಲದು, ಅದರ ಮುದ್ರಣದ ವರ್ಷವನ್ನು ನೋಡಬೇಕು. ಗುಬ್ಬಿ ತಾಲ್ಲೂಕಿನ ನನ್ನ ದೊಡ್ಡಮ್ಮನ ಮದುವೆ ಆದದ್ದು 1990ರಲ್ಲಿ. ತಾತ ತೀರಿಕೊಂಡದ್ದು 2001ರಲ್ಲಿ. ಪಿತ್ರಾರ್ಜಿತ ಜಮೀನು ಇನ್ನೂ ವಿಭಾಗವಾಗಿಲ್ಲ. “ಕೊಟ್ಟ ಹೆಣ್ಣಿಗೆ ಪಾಲೆಲ್ಲಿಯದು?” ಎಂದರು ಊರವರು. “ನೀನು ಓದಿದವಳಲ್ಲವೇ, ಪುಸ್ತಕದಲ್ಲಿ ಏನಿದೆ ನೋಡು” ಎಂದರು ದೊಡ್ಡಮ್ಮ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಮೂಲಪಾಠದಲ್ಲಿ ಮಗಳು ಮಗನಂತೆ ಹುಟ್ಟಿನಿಂದ ಸಮಭಾಗಿಯಲ್ಲ. 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಆ ಹಕ್ಕನ್ನು ಕೊಟ್ಟಿತಾದರೂ ಅದಕ್ಕೆ ಮುಂಚೆ ಮದುವೆಯಾದವರನ್ನು ಬಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಅವರನ್ನೂ ಸೇರಿಸಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲವೆಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಳೆಯ ಪುಸ್ತಕದಲ್ಲೇ ನಿಂತವರಿಗೆ ದೊರೆಯುವ ಉತ್ತರ “ಇಲ್ಲ”. ಕೊನೆಯವರೆಗೆ ಹುಡುಕಿದವರಿಗೆ “ಉಂಟು”. ಆರನೆಯ ಕಲಮನ್ನು ಓದಿ ಹೇಳಿದಾಗ ದೊಡ್ಡಮ್ಮ, “ಹೀಗೆಂದು ಅಚ್ಚಾಗಿದೆಯೇ?” ಎಂದು ಎರಡು ಸಲ ಕೇಳಿದರು.

ಈಗ ಈ ಹುಡುಕಾಟ ಸುಲಭವಾಗಿದೆ. ಕೇಂದ್ರದ ಅಧಿನಿಯಮಗಳು ಇಂಡಿಯಾ ಕೋಡ್ ಜಾಲತಾಣದಲ್ಲಿಯೂ, ರಾಜ್ಯದವು ಸಂಸದೀಯ ವ್ಯವಹಾರಗಳ ಇಲಾಖೆಯ ತಾಣದಲ್ಲಿಯೂ ದೊರೆಯುತ್ತವೆ. ಸುಪ್ರೀಂ ಕೋರ್ಟಿನ ವರದಿಗಳು 2023ರಿಂದ ಉಚಿತ. ಕೆಲವು ತೀರ್ಪುಗಳಿಗೆ ಕನ್ನಡ ಅನುವಾದವೂ ಉಂಟು. ಗ್ರಂಥಾಲಯದಲ್ಲಿ ಒಂದು ಗಣಕಯಂತ್ರವೂ ತೋರಿಸಿಕೊಡುವ ಒಬ್ಬರೂ ಇದ್ದರೆ ಹಳ್ಳಿಯವರಿಗೆ ಇವೆಲ್ಲ ಎಟುಕುತ್ತವೆ.

ಗ್ರಂಥವು ವಕೀಲರ ಸ್ಥಾನವನ್ನು ತುಂಬಲಾರದು. 1987ರ ಕಾನೂನು ಸೇವೆಗಳ ಅಧಿನಿಯಮದಂತೆ ಹೆಂಗಸರಿಗೆ, ಅವರ ವರಮಾನವೆಷ್ಟೇ ಇರಲಿ, ತಾಲ್ಲೂಕು ಸಮಿತಿಯ ಮೂಲಕ ಉಚಿತ ನೆರವು ದೊರೆಯುತ್ತದೆ. ಆದರೆ ಕಲಮನ್ನು ಓದಿಕೊಂಡು ಹೋದವರು ಅಲ್ಲಿ ಧೈರ್ಯವಾಗಿ ಪ್ರಶ್ನೆ ಕೇಳಬಲ್ಲರು. ನಮ್ಮ ಮನೆಗಳಲ್ಲಿ ಮೊದಲು ಅಕ್ಷರ ಕಲಿತು ಕಾಲೇಜಿಗೆ ಬಂದ ನಾವು, ರಜೆಯಲ್ಲಿ ಊರಿಗೆ ಹೋದಾಗ ಒಬ್ಬರಿಗಾದರೂ ಅವರಿಗೆ ಸಂಬಂಧಿಸಿದ ಕಲಮನ್ನು ಓದಿ ಹೇಳಿದರೆ ನಮ್ಮ ವಿದ್ಯೆ ಸಾರ್ಥಕವಾದೀತು.